ಕಾರುಗಳ ಬ್ರೇಕ್ ವ್ಯವಸ್ಥೆಯ ಮಾರ್ಪಾಡು: ದೇವರಗುಡ್ಡ, ರಾಣೇಬೆನ್ನೂರು ಮತ್ತು ಬ್ಯಾಡಗಿ ಭಾಗದ ವಾಹನ ಮಾಲೀಕರಿಗೆ ಮಾಹಿತಿ

1. ಪೀಠಿಕೆ

ಹಾವೇರಿ ಜಿಲ್ಲೆಯ ರಾಣೇಬೆನ್ನೂರು ತಾಲ್ಲೂಕಿನ ದೇವರಗುಡ್ಡವು ಮಾಲತೇಶ ಸ್ವಾಮಿಯ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ದಸರಾ ಸಮಯದಲ್ಲಿ ಇಲ್ಲಿ ಗೊರವಯ್ಯನು ಬಿಲ್ಲನ್ನೇರಿ ನುಡಿಯುವ ಕಾರ್ಣಿಕವನ್ನು ಕೇಳಲು ನಾಡಿನ ಹಲವು ಜಿಲ್ಲೆಗಳಿಂದ ಭಕ್ತಾದಿಗಳು ಆಗಮಿಸುತ್ತಾರೆ. ಹಾವೇರಿ ಮತ್ತು ರಾಣೇಬೆನ್ನೂರನ್ನು ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 48ರಲ್ಲಿ (ಹಿಂದಿನ ಸಂಖ್ಯೆ 4) ವೇಗವಾಗಿ ಬರುವ ಕಾರುಗಳು ಹೆದ್ದಾರಿಯನ್ನು ಬಿಟ್ಟ ಕೂಡಲೇ ಕಿರಿದಾದ ಗ್ರಾಮೀಣ ರಸ್ತೆ, ಜನಸಂದಣಿ, ಎತ್ತಿನ ಬಂಡಿ, ಟ್ರ್ಯಾಕ್ಟರ್‌ಗಳ ನಡುವೆ ಸಾಗಿ ಗುಡ್ಡವನ್ನು ಏರಿ ಇಳಿಯಬೇಕಾಗುತ್ತದೆ. ಹೀಗೆ ಒಂದೇ ಪ್ರಯಾಣದಲ್ಲಿ ಅತಿ ವೇಗದಿಂದ ನಿಲ್ಲಿಸುವ ಸಂದರ್ಭವೂ, ಇಳಿಜಾರಿನಲ್ಲಿ ನಿರಂತರವಾಗಿ ತಡೆಯುವ ಸಂದರ್ಭವೂ ಬ್ರೇಕ್‌ಗೆ ಎದುರಾಗುತ್ತವೆ.

ಇತ್ತೀಚಿನ ವರ್ಷಗಳಲ್ಲಿ ಹೆಚ್ಚು ಶಕ್ತಿಯ ಎಂಜಿನ್ ಹೊಂದಿದ ಕಾರುಗಳ ಮಾಲೀಕರು ಮೂಲ ಬ್ರೇಕ್‌ಗಳನ್ನು ತೆಗೆದು ದೊಡ್ಡ ಡಿಸ್ಕ್, ಹೆಚ್ಚು ಪಿಸ್ಟನ್‌ಗಳ ಕ್ಯಾಲಿಪರ್ ಅಥವಾ ಸ್ಪರ್ಧಾ ಪ್ಯಾಡ್‌ಗಳನ್ನು ಅಳವಡಿಸಿಕೊಳ್ಳಲು ಆಸಕ್ತಿ ತೋರುತ್ತಿದ್ದಾರೆ. ಇಂತಹ ಮಾರ್ಪಾಡಿನಿಂದ ದೊರೆಯುವ ಪ್ರಯೋಜನ, ಉಂಟಾಗಬಹುದಾದ ಅಪಾಯ ಮತ್ತು ಕಾನೂನಿನ ನಿಬಂಧನೆಗಳನ್ನು ಈ ಪುಟದಲ್ಲಿ ವಿವರಿಸಲಾಗಿದೆ. ಹಣ ವ್ಯಯಿಸುವ ಮುನ್ನ ಇದನ್ನು ಪೂರ್ಣವಾಗಿ ಓದಿಕೊಳ್ಳುವುದು ವಾಹನ ಮಾಲೀಕರ ಹಿತದೃಷ್ಟಿಯಿಂದ ಅಗತ್ಯವಾಗಿದೆ.

2. ವಾಹನವನ್ನು ನಿಲ್ಲಿಸುವುದು ಯಾವುದು?

ಬ್ರೇಕ್ ಪೆಡಲ್ ಒತ್ತಿದಾಗ ಮಾಸ್ಟರ್ ಸಿಲಿಂಡರ್‌ನಲ್ಲಿ ಉಂಟಾಗುವ ಒತ್ತಡವು ಬ್ರೇಕ್ ದ್ರವದ ಮೂಲಕ ಕ್ಯಾಲಿಪರ್‌ಗಳನ್ನು ತಲುಪಿ, ಪ್ಯಾಡ್‌ಗಳು ಡಿಸ್ಕನ್ನು ಬಿಗಿಹಿಡಿಯುತ್ತವೆ. ವಾಹನದ ಚಲನೆಯ ಶಕ್ತಿಯು ಇಲ್ಲಿ ಶಾಖವಾಗಿ ಪರಿವರ್ತನೆಯಾಗುತ್ತದೆ. ಆದರೆ ವಾಹನವು ಅಂತಿಮವಾಗಿ ನಿಲ್ಲುವುದು ಟೈರ್ ಮತ್ತು ರಸ್ತೆಯ ನಡುವಿನ ಹಿಡಿತದಿಂದ. ಸುಸ್ಥಿತಿಯಲ್ಲಿರುವ ಮೂಲ ಬ್ರೇಕ್‌ಗಳು ಸಾಮಾನ್ಯವಾಗಿ ಚಕ್ರವನ್ನು ಪೂರ್ಣವಾಗಿ ಕಟ್ಟಿಹಾಕುವಷ್ಟು ಬಲವನ್ನು ಹೊಂದಿರುತ್ತವೆ. ಅಂತಹ ಸ್ಥಿತಿಯಲ್ಲಿ ಎ.ಬಿ.ಎಸ್. ಎಂದು ಕರೆಯಲಾಗುವ ವ್ಯವಸ್ಥೆಯು ಒತ್ತಡವನ್ನು ಕ್ಷಣಕ್ಷಣಕ್ಕೂ ತಗ್ಗಿಸಿ ಹೆಚ್ಚಿಸಿ ಚಕ್ರವು ಜಾರದಂತೆ ನೋಡಿಕೊಳ್ಳುತ್ತದೆ. ಭಾರತದಲ್ಲಿ ಹೊಸ ಮಾದರಿಯ ಕಾರುಗಳಿಗೆ ಏಪ್ರಿಲ್ 2018ರಿಂದ, ಅದಕ್ಕೂ ಮೊದಲೇ ಮಾರಾಟದಲ್ಲಿದ್ದ ಮಾದರಿಗಳಿಗೆ ಏಪ್ರಿಲ್ 2019ರಿಂದ ಎ.ಬಿ.ಎಸ್. ಕಡ್ಡಾಯವಾಗಿದೆ.

ಆದ್ದರಿಂದ ಚಕ್ರವನ್ನು ಕಟ್ಟಿಹಾಕುವ ಬಲ ಈಗಾಗಲೇ ಇರುವ ಕಾರಿಗೆ ಇನ್ನೂ ದೊಡ್ಡ ಬ್ರೇಕ್ ಅಳವಡಿಸಿದರೆ, ಒಂದು ಬಾರಿಯ ತುರ್ತು ನಿಲುಗಡೆಯ ದೂರವು ಗಣನೀಯವಾಗಿ ಕಡಿಮೆಯಾಗುವುದಿಲ್ಲ. ಟೈರ್‌ಗಳ ಸ್ಥಿತಿ, ರಸ್ತೆಯ ಸ್ಥಿತಿ ಮತ್ತು ವೇಗ ಇವೇ ಆ ದೂರವನ್ನು ನಿರ್ಧರಿಸುತ್ತವೆ.

ಚಾಲಕನು ಅಪಾಯವನ್ನು ಕಂಡು ಪೆಡಲ್ ಒತ್ತಲು 1 ಸೆಕೆಂಡ್ ತೆಗೆದುಕೊಳ್ಳುವನೆಂದು ಭಾವಿಸಿ, ಸಮತಟ್ಟಾದ ರಸ್ತೆಯಲ್ಲಿ ವಾಹನ ನಿಲ್ಲಲು ಬೇಕಾಗುವ ಒಟ್ಟು ದೂರದ ಅಂದಾಜು ಲೆಕ್ಕ ಈ ಕೆಳಕಂಡಂತಿದೆ:

- ಗಂಟೆಗೆ 60 ಕಿ.ಮೀ. ವೇಗ, ಒಣ ಡಾಂಬರು ರಸ್ತೆ: ಸುಮಾರು 35 ಮೀಟರ್
- ಗಂಟೆಗೆ 60 ಕಿ.ಮೀ. ವೇಗ, ಒದ್ದೆ ರಸ್ತೆ: ಸುಮಾರು 45 ಮೀಟರ್
- ಗಂಟೆಗೆ 100 ಕಿ.ಮೀ. ವೇಗ, ಒಣ ಡಾಂಬರು ರಸ್ತೆ: ಸುಮಾರು 77 ಮೀಟರ್
- ಗಂಟೆಗೆ 100 ಕಿ.ಮೀ. ವೇಗ, ಒದ್ದೆ ರಸ್ತೆ: ಸುಮಾರು 107 ಮೀಟರ್

ಸವೆದ ಟೈರ್‌ಗಳಿದ್ದಲ್ಲಿ, ರಸ್ತೆಯ ಮೇಲೆ ಮರಳು, ಮಣ್ಣು ಅಥವಾ ಒಕ್ಕಣೆಗೆ ಹರಡಿದ ಪೈರು ಇದ್ದಲ್ಲಿ ಈ ದೂರಗಳು ಮತ್ತಷ್ಟು ಹೆಚ್ಚಾಗುತ್ತವೆ. ಯಾವ ಬೆಲೆಯ ಬ್ರೇಕ್ ಕೂಡ ಈ ಕೊರತೆಯನ್ನು ತುಂಬಲಾರದು.

3. ದೊಡ್ಡ ಬ್ರೇಕ್‌ನ ನಿಜವಾದ ಉಪಯೋಗ

ದೊಡ್ಡ ಡಿಸ್ಕ್‌ನ ಮುಖ್ಯ ಪ್ರಯೋಜನವು ಶಾಖವನ್ನು ತಾಳಿಕೊಳ್ಳುವ ಸಾಮರ್ಥ್ಯದಲ್ಲಿದೆ. ಐದು ಜನರನ್ನು ಒಳಗೊಂಡು ಒಟ್ಟು 1,500 ಕಿಲೋಗ್ರಾಂ ತೂಗುವ ಕಾರು ಗಂಟೆಗೆ 60 ಕಿ.ಮೀ. ವೇಗದಿಂದ ನಿಂತಾಗ ಸುಮಾರು 208 ಕಿಲೋಜೌಲ್, ಗಂಟೆಗೆ 100 ಕಿ.ಮೀ. ವೇಗದಿಂದ ನಿಂತಾಗ ಸುಮಾರು 579 ಕಿಲೋಜೌಲ್ ಶಕ್ತಿಯು ಬಹುಪಾಲು ಬ್ರೇಕ್‌ಗಳಲ್ಲಿ ಶಾಖವಾಗುತ್ತದೆ. ಈ ಶಕ್ತಿಯು ವೇಗದ ವರ್ಗಕ್ಕೆ ಅನುಗುಣವಾಗಿ ಏರುವುದರಿಂದ, ವೇಗವು 100ರಿಂದ 120ಕ್ಕೆ ಏರಿದರೆ ಶಾಖವು ಶೇಕಡ 44ರಷ್ಟು ಹೆಚ್ಚುತ್ತದೆ. ಎಂಜಿನ್‌ನ ಶಕ್ತಿಯನ್ನು ಹೆಚ್ಚಿಸಿಕೊಳ್ಳುವ ಮಾಲೀಕರು ಇದನ್ನು ಗಮನದಲ್ಲಿಡಬೇಕು.

ಮುಂದಿನ ಎರಡು ಡಿಸ್ಕ್‌ಗಳು ಈ ಶಾಖದ ಶೇಕಡ 70ರಷ್ಟನ್ನು ಹೀರಿಕೊಳ್ಳುತ್ತವೆ ಎಂದುಕೊಂಡಲ್ಲಿ, ಒಟ್ಟು 10 ಕಿಲೋಗ್ರಾಂ ತೂಗುವ ಎರಕದ ಕಬ್ಬಿಣದ ಡಿಸ್ಕ್‌ಗಳ ಉಷ್ಣತೆಯು 100 ಕಿ.ಮೀ. ವೇಗದ ಒಂದು ನಿಲುಗಡೆಗೆ ಸುಮಾರು 90 ಡಿಗ್ರಿ ಸೆಲ್ಸಿಯಸ್ ಏರುತ್ತದೆ. ಅದೇ ಡಿಸ್ಕ್‌ಗಳು 14 ಕಿಲೋಗ್ರಾಂ ತೂಗಿದರೆ ಏರಿಕೆ ಸುಮಾರು 63 ಡಿಗ್ರಿ ಮಾತ್ರ. ಒಂದು ನಿಲುಗಡೆಯಲ್ಲಿ ಈ ವ್ಯತ್ಯಾಸವು ಅನುಭವಕ್ಕೆ ಬಾರದು. ಆದರೆ ತಣಿಯಲು ಬಿಡುವಿಲ್ಲದೆ ಮೇಲಿಂದ ಮೇಲೆ ಬ್ರೇಕ್ ಬಳಸುವ ರೇಸ್ ಟ್ರ್ಯಾಕ್, ರ‍್ಯಾಲಿ ಅಥವಾ ಉದ್ದನೆಯ ಘಟ್ಟದ ಇಳಿಜಾರಿನಲ್ಲಿ ಅದು ಪ್ರಯೋಜನಕ್ಕೆ ಬರುತ್ತದೆ.

ಇಳಿಜಾರಿನ ಪರಿಣಾಮವು ಹಲವರಿಗೆ ತಿಳಿದಿರುವುದಿಲ್ಲ. ಮೇಲ್ಕಂಡ ಕಾರು ಎಂಜಿನ್‌ನ ತಡೆಯನ್ನು ಬಳಸದೆ, ಕೇವಲ ಬ್ರೇಕ್ ಒತ್ತಿಕೊಂಡು ಒಂದೇ ವೇಗದಲ್ಲಿ ಇಳಿದರೆ, ಇಳಿಯುವ ಪ್ರತಿ 10 ಮೀಟರ್ ಎತ್ತರಕ್ಕೂ ಸುಮಾರು 147 ಕಿಲೋಜೌಲ್ ಶಾಖ ಉಂಟಾಗುತ್ತದೆ. ಅಂದರೆ 40 ಮೀಟರ್ ಎತ್ತರದಿಂದ ನಿಧಾನವಾಗಿ ಇಳಿಯುವುದು, ಗಂಟೆಗೆ 100 ಕಿ.ಮೀ. ವೇಗದಿಂದ ಒಮ್ಮೆ ನಿಲ್ಲಿಸುವುದಕ್ಕೆ ಸಮನಾಗುತ್ತದೆ. ಜನಸಂದಣಿಯಲ್ಲಿ ನಿಧಾನವಾಗಿ ಇಳಿಯುವಾಗ ಡಿಸ್ಕ್‌ಗಳಿಗೆ ಗಾಳಿಯೂ ಕಡಿಮೆ ದೊರೆಯುತ್ತದೆ.

ಎರಡನೆಯ ಅಥವಾ ಮೊದಲನೆಯ ಗೇರಿನಲ್ಲಿ ಇಳಿದಾಗ ಈ ಶಕ್ತಿಯ ಬಹುಭಾಗವನ್ನು ಎಂಜಿನ್ ತಡೆಯುತ್ತದೆ. ಇದಕ್ಕೆ ಯಾವ ಖರ್ಚೂ ಇಲ್ಲ. ಇಂಧನ ಉಳಿಸುವ ಉದ್ದೇಶದಿಂದ ಎಂಜಿನ್ ಬಂದ್ ಮಾಡಿ, ನ್ಯೂಟ್ರಲ್‌ನಲ್ಲಿ ವಾಹನವನ್ನು ಇಳಿಸುವ ರೂಢಿಯು ಅತ್ಯಂತ ಅಪಾಯಕಾರಿಯಾಗಿದೆ. ಎಂಜಿನ್ ನಿಂತಾಗ ಬ್ರೇಕ್ ಬೂಸ್ಟರ್‌ನಲ್ಲಿ ಉಳಿದಿರುವ ನಿರ್ವಾತವು ಒಂದೆರಡು ಬಾರಿ ಪೆಡಲ್ ಒತ್ತುವಷ್ಟರಲ್ಲಿ ಮುಗಿಯುತ್ತದೆ. ನಂತರ ಪೆಡಲ್ ಗಟ್ಟಿಯಾಗಿ, ಸಾಮಾನ್ಯ ಬಲದಿಂದ ಒತ್ತಿದರೂ ವಾಹನವು ನಿಲ್ಲದಿರಬಹುದು.

4. ಸುಧಾರಣೆಯ ಕ್ರಮ

ಬ್ರೇಕ್ ಸಾಲದು ಎಂದು ಭಾವಿಸುವ ಮಾಲೀಕರು ದೊಡ್ಡ ಕಿಟ್ ಖರೀದಿಸುವ ಮುನ್ನ ಈ ಕೆಳಕಂಡ ಕ್ರಮವನ್ನು ಅನುಸರಿಸುವುದು ಸೂಕ್ತ. ಮೊದಲ ನಾಲ್ಕು ಅಂಶಗಳು ನಿರ್ವಹಣೆಗೆ ಸಂಬಂಧಿಸಿದ್ದು, ತಯಾರಕರ ನಿರ್ದಿಷ್ಟತೆಗೆ ಒಳಪಟ್ಟಿರುವವರೆಗೆ ಇವುಗಳಿಗೆ ಪೂರ್ವಾನುಮತಿಯ ಅಗತ್ಯವಿರುವುದಿಲ್ಲ.

(ಅ) ಟೈರ್: ತಯಾರಕರು ಸೂಚಿಸಿದ ಅಳತೆಯ, ಸವೆಯದ, ಸರಿಯಾದ ಗಾಳಿಯ ಒತ್ತಡವಿರುವ ಟೈರ್‌ಗಳು. ನಿಲುಗಡೆಯ ದೂರವನ್ನು ಕಡಿಮೆ ಮಾಡುವ ಮೊದಲ ಸಾಧನ ಇದಾಗಿದೆ.

(ಆ) ಬ್ರೇಕ್ ದ್ರವ: ಬ್ರೇಕ್ ಆಯಿಲ್ ಎಂದು ರೂಢಿಯಲ್ಲಿರುವ ಈ ದ್ರವವು ಗಾಳಿಯಲ್ಲಿನ ತೇವಾಂಶವನ್ನು ಕಾಲಕ್ರಮೇಣ ಹೀರಿಕೊಳ್ಳುತ್ತದೆ. ಡಾಟ್ 3 ದರ್ಜೆಯ ಹೊಸ ದ್ರವದ ಕನಿಷ್ಠ ಕುದಿಬಿಂದು 205 ಡಿಗ್ರಿ ಸೆಲ್ಸಿಯಸ್. ತೇವಾಂಶ ಸೇರಿದ ನಂತರ 140 ಡಿಗ್ರಿ. ಡಾಟ್ 4 ದರ್ಜೆಗೆ ಇವು ಕ್ರಮವಾಗಿ 230 ಮತ್ತು 155 ಡಿಗ್ರಿ. ಡಾಟ್ 5.1 ದರ್ಜೆಗೆ 260 ಮತ್ತು 180 ಡಿಗ್ರಿ. ದ್ರವವು ಕುದಿದಾಗ ಉಂಟಾಗುವ ಆವಿಯು ಒತ್ತಡಕ್ಕೆ ಕುಗ್ಗುವುದರಿಂದ, ಪೆಡಲ್ ನೆಲದವರೆಗೆ ಹೋದರೂ ಬ್ರೇಕ್ ಹಿಡಿಯುವುದಿಲ್ಲ. ವಾಹನದ ಕೈಪಿಡಿಯಲ್ಲಿ ಸೂಚಿಸಿದ ದರ್ಜೆಯ ದ್ರವವನ್ನೇ, ಸೂಚಿಸಿದ ಅವಧಿಗೊಮ್ಮೆ ಬದಲಾಯಿಸಬೇಕು. ಸಿಲಿಕೋನ್ ಆಧಾರಿತ ಡಾಟ್ 5 ದ್ರವವನ್ನು ಇತರ ದರ್ಜೆಗಳೊಂದಿಗೆ ಬೆರೆಸಬಾರದು.

(ಇ) ಪ್ಯಾಡ್ ಮತ್ತು ಡಿಸ್ಕ್: ಡಿಸ್ಕ್‌ನ ಕನಿಷ್ಠ ದಪ್ಪವನ್ನು ಸಾಮಾನ್ಯವಾಗಿ ಡಿಸ್ಕ್‌ನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ತೆಳುವಾದ ಡಿಸ್ಕನ್ನು ಬದಲಾಯಿಸಬೇಕು. ಒಂದೇ ಅಚ್ಚಿನ ಎಡ ಮತ್ತು ಬಲ ಚಕ್ರಗಳ ಪ್ಯಾಡ್‌ಗಳನ್ನು ಒಟ್ಟಿಗೆ ಬದಲಾಯಿಸಬೇಕು.

(ಈ) ಹೋಸ್ ಮತ್ತು ಸೀಲ್: ಬಿರುಕು ಬಿಟ್ಟ ಅಥವಾ ಉಬ್ಬಿದ ಹೋಸ್, ಸೋರುವ ಸೀಲ್, ಬಿಗಿದುಕೊಂಡ ಕ್ಯಾಲಿಪರ್ ಪಿನ್‌ಗಳನ್ನು ಸರಿಪಡಿಸಬೇಕು. ಬ್ರೇಕ್ ಹೋಸ್‌ಗೆ ಐ.ಎಸ್. 7079, ಬ್ರೇಕ್ ದ್ರವಕ್ಕೆ ಐ.ಎಸ್. 8654, ಬ್ರೇಕ್ ಲೈನಿಂಗ್‌ಗೆ ಐ.ಎಸ್. 2742 ಎಂಬ ಭಾರತೀಯ ಮಾನಕಗಳಿವೆ. ಖರೀದಿಸುವಾಗ ಪೊಟ್ಟಣದ ಮೇಲಿನ ಗುರುತನ್ನು ಪರಿಶೀಲಿಸಿ, ರಸೀದಿಯನ್ನು ಪಡೆದಿಟ್ಟುಕೊಳ್ಳತಕ್ಕದ್ದು.

(ಉ) ವಿನ್ಯಾಸದ ಬದಲಾವಣೆ: ಮೇಲಿನ ಎಲ್ಲವನ್ನೂ ಪೂರೈಸಿದ ನಂತರವೂ ಬ್ರೇಕ್‌ಗಳು ಕಾದು ಸೋಲುತ್ತಿದ್ದರೆ ಮಾತ್ರ ದೊಡ್ಡ ಡಿಸ್ಕ್ ಅಥವಾ ಬೇರೆ ಕ್ಯಾಲಿಪರ್‌ಗಳ ವಿಷಯ ಉದ್ಭವಿಸುತ್ತದೆ. ಇದಕ್ಕೆ 5 ಮತ್ತು 6ನೇ ಭಾಗದ ವಿವರಗಳು ಅನ್ವಯಿಸುತ್ತವೆ.

5. ವಿನ್ಯಾಸ ಬದಲಾವಣೆಯಲ್ಲಿ ಅಡಗಿರುವ ಅಪಾಯಗಳು

ಕಾರಿನ ಬ್ರೇಕ್ ವ್ಯವಸ್ಥೆಯ ಭಾಗಗಳು ಒಂದಕ್ಕೊಂದು ಹೊಂದಿಕೊಂಡು ಕೆಲಸ ಮಾಡುತ್ತವೆ. ಒಂದು ಭಾಗವನ್ನು ಬದಲಾಯಿಸಿದಾಗ ಉಳಿದವುಗಳ ಹೊಂದಾಣಿಕೆಯು ತಪ್ಪಬಹುದು.

- ಮುಂದಿನ ಮತ್ತು ಹಿಂದಿನ ಚಕ್ರಗಳ ಸಮತೋಲನ: ಬ್ರೇಕ್ ಒತ್ತಿದಾಗ ವಾಹನದ ಭಾರವು ಮುಂದಕ್ಕೆ ವಾಲುತ್ತದೆ. ಹಿಂದಿನ ಬ್ರೇಕ್‌ಗಳ ಬಲವು ಮಿತಿಮೀರಿದರೆ ಹಿಂದಿನ ಚಕ್ರಗಳು ಮೊದಲು ಜಾರಿ ವಾಹನವು ಅಡ್ಡಲಾಗಿ ತಿರುಗುವ ಸಂಭವವಿದೆ. ಹಿಂದಿನ ಡ್ರಮ್‌ಗಳನ್ನು ತೆಗೆದು ಡಿಸ್ಕ್ ಅಳವಡಿಸುವಾಗ ಈ ಅಪಾಯವು ಹೆಚ್ಚು.
- ಹ್ಯಾಂಡ್ ಬ್ರೇಕ್: ಅನೇಕ ಕಾರುಗಳಲ್ಲಿ ಹ್ಯಾಂಡ್ ಬ್ರೇಕ್ ಹಿಂದಿನ ಡ್ರಮ್‌ಗಳನ್ನೇ ಅವಲಂಬಿಸಿದೆ. ಡ್ರಮ್ ತೆಗೆದಾಗ ಇಳಿಜಾರಿನಲ್ಲಿ ವಾಹನವನ್ನು ಹಿಡಿದು ನಿಲ್ಲಿಸುವ ವ್ಯವಸ್ಥೆಯೇ ಇಲ್ಲದಂತಾಗಬಹುದು. ಗುಡ್ಡದ ಮೇಲೆ ವಾಹನ ನಿಲುಗಡೆ ಮಾಡುವವರಿಗೆ ಇದು ಗಂಭೀರ ಲೋಪವಾಗಿದೆ.
- ಪೆಡಲ್‌ನ ಸ್ಥಿತಿ: ದೊಡ್ಡ ಪಿಸ್ಟನ್‌ಗಳ ಕ್ಯಾಲಿಪರ್‌ಗೆ ಹೆಚ್ಚು ದ್ರವ ಬೇಕು. ಮೂಲ ಮಾಸ್ಟರ್ ಸಿಲಿಂಡರ್ ಅದನ್ನು ಒದಗಿಸಲಾರದಿದ್ದರೆ ಪೆಡಲ್ ಆಳಕ್ಕೆ ಇಳಿಯುತ್ತದೆ.
- ಚಕ್ರದ ಅಳತೆ: ದೊಡ್ಡ ಡಿಸ್ಕ್‌ಗೆ ಸ್ಥಳ ಮಾಡಲು ದೊಡ್ಡ ಚಕ್ರ ಹಾಕಿದಾಗ ಟೈರ್‌ನ ಒಟ್ಟು ಸುತ್ತಳತೆ ಬದಲಾದರೆ, ಸ್ಪೀಡೋಮೀಟರ್ ತೋರಿಸುವ ವೇಗವು ತಪ್ಪಾಗುತ್ತದೆ.
- ಸ್ಪರ್ಧಾ ಪ್ಯಾಡ್‌ಗಳು: ಇವುಗಳಲ್ಲಿ ಹಲವು, ಚೆನ್ನಾಗಿ ಕಾದ ನಂತರವೇ ಪೂರ್ಣ ಹಿಡಿತವನ್ನು ನೀಡುತ್ತವೆ. ಬೆಳಗಿನ ತಂಪಿನಲ್ಲಿ ಮನೆಯಿಂದ ಹೊರಟ ಕಾರಿನ ಮುಂದೆ ಮಗುವೊಂದು ಅಡ್ಡ ಬಂದಾಗ ಇಂತಹ ಪ್ಯಾಡ್‌ಗಳು ಸಾಮಾನ್ಯ ಪ್ಯಾಡ್‌ಗಿಂತ ಕಡಿಮೆ ಹಿಡಿತ ನೀಡಬಹುದು.

ರ‍್ಯಾಲಿ ಮತ್ತು ರೇಸ್ ಕಾರುಗಳಲ್ಲಿ ಕಾಣುವ ಬ್ರೇಕ್‌ಗಳು ಸಾರ್ವಜನಿಕರಿಗೆ ಮುಚ್ಚಿದ ಮಾರ್ಗಗಳಲ್ಲಿ, ಪ್ರತಿ ಹಂತದ ನಂತರ ಮೆಕ್ಯಾನಿಕ್‌ಗಳ ಪರಿಶೀಲನೆಗೆ ಒಳಪಡುವ ವಾಹನಗಳಿಗೆಂದು ಸಿದ್ಧಪಡಿಸಿದಂಥವು. ಪ್ರತಿನಿತ್ಯ ಕುಟುಂಬದ ಬಳಕೆಗಿರುವ ಕಾರಿಗೆ ಅವು ಮಾದರಿಯಾಗಲಾರವು.

6. ಕಾನೂನಿನ ನಿಬಂಧನೆಗಳು

(ಅ) ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 52ರ ಪ್ರಕಾರ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಮಾರ್ಪಡಿಸುವಂತಿಲ್ಲ. ದಿನಾಂಕ 9 ಜನವರಿ 2019ರ ತೀರ್ಪಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಈ ನಿಬಂಧನೆಯನ್ನು ಎತ್ತಿಹಿಡಿದಿದೆ.

(ಆ) ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ ನಿಯಮ 96 ಬ್ರೇಕ್‌ಗಳಿಗೆ ಸಂಬಂಧಿಸಿದೆ. ನಿಯಮ 126ರಂತೆ ಪ್ರತಿ ಮಾದರಿಯ ವಾಹನವನ್ನು ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಕೃತ ಸಂಸ್ಥೆಗಳಲ್ಲಿ ಪರೀಕ್ಷಿಸಲಾಗುತ್ತದೆ. ಗ್ರಾಹಕರ ಕೈಸೇರುವ ಕಾರಿನ ಬ್ರೇಕ್ ವ್ಯವಸ್ಥೆಯು ಹೀಗೆ ಪರೀಕ್ಷೆಗೊಳಪಟ್ಟದ್ದಾಗಿರುತ್ತದೆ. ಗ್ಯಾರೇಜ್‌ನಲ್ಲಿ ಬದಲಾಯಿಸಿದ ವ್ಯವಸ್ಥೆಗೆ ಆ ಪರೀಕ್ಷೆಯ ಆಧಾರವಿರುವುದಿಲ್ಲ.

(ಇ) 2019ರ ತಿದ್ದುಪಡಿಯಿಂದ ಸೇರ್ಪಡೆಯಾದ ಕಲಂ 182ಎ ಉಪಕಲಂ (4)ರಂತೆ, ಕಾಯ್ದೆ ಮತ್ತು ನಿಯಮಗಳು ಅನುಮತಿಸದ ರೀತಿಯಲ್ಲಿ ವಾಹನವನ್ನು ಮಾರ್ಪಡಿಸುವ ಮಾಲೀಕರಿಗೆ 6 ತಿಂಗಳವರೆಗಿನ ಕಾರಾವಾಸ ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ ಅಥವಾ ಎರಡನ್ನೂ ವಿಧಿಸಬಹುದಾಗಿದೆ.

(ಈ) ದೋಷವಿರುವುದು ತಿಳಿದಿದ್ದೂ, ಅಥವಾ ಸಾಮಾನ್ಯ ಎಚ್ಚರಿಕೆಯಿಂದ ತಿಳಿಯಬಹುದಾಗಿದ್ದರೂ, ಅಪಾಯಕಾರಿ ಸ್ಥಿತಿಯ ವಾಹನವನ್ನು ಸಾರ್ವಜನಿಕ ಸ್ಥಳದಲ್ಲಿ ಚಲಾಯಿಸುವುದು ಕಲಂ 190ರಡಿ ಅಪರಾಧವಾಗಿದೆ. ಆದ್ದರಿಂದ ಮೂಲ ಬ್ರೇಕ್‌ಗಳನ್ನೇ ಉಳಿಸಿಕೊಂಡು ಅವುಗಳ ನಿರ್ವಹಣೆಯನ್ನು ಕಡೆಗಣಿಸಿದವರೂ ಹೊಣೆಗಾರರಾಗುತ್ತಾರೆ.

(ಉ) ಕಂತು ಕರಾರಿನ ಮೇಲೆ ಪಡೆದ ವಾಹನವನ್ನು ನೋಂದಾಯಿತ ಮಾಲೀಕರ ಲಿಖಿತ ಸಮ್ಮತಿಯಿಲ್ಲದೆ ಮಾರ್ಪಡಿಸುವಂತಿಲ್ಲ.

(ಊ) ಮಾರ್ಪಾಡನ್ನು ವಿಮಾ ಕಂಪನಿಗೆ ತಿಳಿಸದಿದ್ದಲ್ಲಿ, ಅಪಘಾತದ ಸಂದರ್ಭದಲ್ಲಿ ಪರಿಹಾರದ ಕೋರಿಕೆಯು ವಿವಾದಕ್ಕೆ ಒಳಗಾಗಬಹುದು. ಪಾಲಿಸಿಯ ಷರತ್ತುಗಳನ್ನು ಮೊದಲೇ ಓದಿಕೊಳ್ಳತಕ್ಕದ್ದು.

7. ಅರ್ಜಿ ಸಲ್ಲಿಸುವವರು ಗಮನಿಸಬೇಕಾದ ಅಂಶಗಳು

ವಿನ್ಯಾಸ ಬದಲಾವಣೆಯನ್ನು ಉದ್ದೇಶಿಸಿರುವವರು ಕೆಲಸವನ್ನು ಆರಂಭಿಸುವ ಮೊದಲೇ ನೋಂದಣಿ ಪ್ರಾಧಿಕಾರವನ್ನು ಸಂಪರ್ಕಿಸತಕ್ಕದ್ದು. ಕೆ.ಎ. 27 ಸಂಕೇತದ ವಾಹನಗಳು ಹಾವೇರಿಯ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲೂ, ಕೆ.ಎ. 68 ಸಂಕೇತದ ವಾಹನಗಳು ರಾಣೇಬೆನ್ನೂರಿನ ಸಹಾಯಕ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲೂ ನೋಂದಣಿಯಾದಂಥವು. ಅರ್ಜಿಯೊಂದಿಗೆ ಸಾಮಾನ್ಯವಾಗಿ ಈ ಕೆಳಕಂಡ ದಾಖಲೆಗಳು ಬೇಕಾಗುತ್ತವೆ:

- ನೋಂದಣಿ ಪ್ರಮಾಣಪತ್ರ
- ಚಾಲ್ತಿಯಲ್ಲಿರುವ ವಿಮಾ ಪತ್ರ
- ವಾಯುಮಾಲಿನ್ಯ ನಿಯಂತ್ರಣ ಪ್ರಮಾಣಪತ್ರ
- ಗುರುತು ಮತ್ತು ವಿಳಾಸದ ದಾಖಲೆ
- ಸಾಲವಿದ್ದಲ್ಲಿ ಸಾಲ ನೀಡಿದ ಸಂಸ್ಥೆಯ ಲಿಖಿತ ಸಮ್ಮತಿ
- ಅಳವಡಿಸಲಿರುವ ಭಾಗಗಳಿಗೆ ಸಂಬಂಧಿಸಿದ ತಯಾರಕರ ಪತ್ರ ಹಾಗೂ ಅಧಿಕೃತ ಪರೀಕ್ಷಾ ಸಂಸ್ಥೆಯ ಅನುಮೋದನೆ

ಕೊನೆಯ ದಾಖಲೆಯು ಅತಿ ಮುಖ್ಯವಾದುದು. ಕಿಟ್ ಮಾರುವವರು ಇದನ್ನು ಒದಗಿಸಲು ಸಾಧ್ಯವಾಗದಿದ್ದಲ್ಲಿ ಖರೀದಿಯನ್ನು ಕೈಬಿಡುವುದು ಕ್ಷೇಮ. ಅರ್ಜಿ ಸಲ್ಲಿಸಿದ ಮಾತ್ರಕ್ಕೆ ಅನುಮತಿ ದೊರೆತಂತೆ ಆಗುವುದಿಲ್ಲ. ವಾಹನವನ್ನು ತಪಾಸಣೆಗೆ ಹಾಜರುಪಡಿಸಲು ಸೂಚಿಸಬಹುದು.

ಸ್ವಂತ ಬಳಕೆಯ ಕಾರಿನ ನೋಂದಣಿಯು 15 ವರ್ಷಗಳವರೆಗೆ ಚಾಲ್ತಿಯಲ್ಲಿದ್ದು, ನವೀಕರಣದ ಸಮಯದಲ್ಲಿ ವಾಹನದ ತಪಾಸಣೆ ನಡೆಯುತ್ತದೆ. ಟ್ಯಾಕ್ಸಿ, ಮ್ಯಾಕ್ಸಿಕ್ಯಾಬ್ ಮುಂತಾದ ಸಾರಿಗೆ ವಾಹನಗಳು ಮೊದಲ 8 ವರ್ಷಗಳವರೆಗೆ 2 ವರ್ಷಕ್ಕೊಮ್ಮೆ, ತದನಂತರ ಪ್ರತಿ ವರ್ಷ ಅರ್ಹತಾ ಪ್ರಮಾಣಪತ್ರವನ್ನು ನವೀಕರಿಸಿಕೊಳ್ಳಬೇಕು.

8. ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಪ್ಯಾಡ್‌ಗಳನ್ನು ಬೇರೆ ಕಂಪನಿಯದಕ್ಕೆ ಬದಲಾಯಿಸಲು ಅನುಮತಿ ಬೇಕೇ?
ಉತ್ತರ: ಅದೇ ಮಾದರಿಯ ವಾಹನಕ್ಕೆಂದು ತಯಾರಾದ, ಮಾನಕಕ್ಕೆ ಅನುಗುಣವಾದ ಪ್ಯಾಡ್ ಆಗಿದ್ದಲ್ಲಿ ಅದು ನಿರ್ವಹಣೆಯ ಕೆಲಸವಾಗುತ್ತದೆ, ಅನುಮತಿ ಬೇಕಿಲ್ಲ. ಹೊಸ ಪ್ಯಾಡ್‌ಗಳು ಡಿಸ್ಕ್‌ಗೆ ಹೊಂದಿಕೊಳ್ಳುವವರೆಗೆ, ತಯಾರಕರ ಸೂಚನೆಯಂತೆ, ಹಗುರವಾಗಿ ಬ್ರೇಕ್ ಬಳಸಬೇಕು. ಬದಲಾಯಿಸಿದ ದಿನವೇ ತುಂಬಿದ ಕಾರಿನಲ್ಲಿ ದೂರ ಪ್ರಯಾಣ ಹೊರಡಬಾರದು.

ಪ್ರಶ್ನೆ: ಅದೇ ಕಾರಿನ ಮೇಲ್ದರ್ಜೆಯ ಮಾದರಿಯಲ್ಲಿರುವ ದೊಡ್ಡ ಬ್ರೇಕ್‌ಗಳನ್ನು ಕೆಳದರ್ಜೆಯ ಮಾದರಿಗೆ ಹಾಕಬಹುದೇ?
ಉತ್ತರ: ಭಾಗಗಳು ಅದೇ ತಯಾರಕರದ್ದಾಗಿರುವುದು ಮಾತ್ರ ಸಾಲದು. ಮೇಲ್ದರ್ಜೆಯ ಮಾದರಿಯ ಮಾಸ್ಟರ್ ಸಿಲಿಂಡರ್, ಬೂಸ್ಟರ್ ಮತ್ತು ಎ.ಬಿ.ಎಸ್. ಹೊಂದಾಣಿಕೆ ಬೇರೆಯಾಗಿರಬಹುದು. ಅಧಿಕೃತ ಮಾರಾಟಗಾರರ ಮೂಲಕ ತಯಾರಕರ ಲಿಖಿತ ಅಭಿಪ್ರಾಯವನ್ನು ಪಡೆದು ನೋಂದಣಿ ಪ್ರಾಧಿಕಾರದೊಂದಿಗೆ ಸಮಾಲೋಚಿಸತಕ್ಕದ್ದು.

ಪ್ರಶ್ನೆ: ಕ್ಯಾಲಿಪರ್ ಮೇಲೆ ಹಾಕುವ ಕೆಂಪು ಬಣ್ಣದ ಕವಚಗಳಿಂದ ಪ್ರಯೋಜನವಿದೆಯೇ?
ಉತ್ತರ: ಇಲ್ಲ. ಇವು ಅಲಂಕಾರಕ್ಕಷ್ಟೇ. ಗಾಳಿಯನ್ನು ತಡೆದು ಶಾಖವನ್ನು ಹೆಚ್ಚಿಸುವ ಹಾಗೂ ಸಡಿಲಗೊಂಡು ಚಕ್ರಕ್ಕೆ ತಾಗುವ ಸಂಭವವಿದೆ.

ಪ್ರಶ್ನೆ: ರಂಧ್ರಗಳಿರುವ ಡಿಸ್ಕ್ ಉತ್ತಮವೇ?
ಉತ್ತರ: ರಂಧ್ರಗಳಿಂದ ಡಿಸ್ಕ್‌ನ ತೂಕ ಕಡಿಮೆಯಾಗಿ, ಶಾಖ ಹೀರುವ ಲೋಹವೂ ಕಡಿಮೆಯಾಗುತ್ತದೆ. ಸಾಮಾನ್ಯ ಡಿಸ್ಕ್‌ಗೆ ಸ್ಥಳೀಯವಾಗಿ ರಂಧ್ರ ಕೊರೆಸಿದರೆ ಅಲ್ಲಿಂದಲೇ ಬಿರುಕು ಆರಂಭವಾಗಬಹುದು. ಹೀಗೆ ಮಾಡಿಸಬಾರದು.

ಪ್ರಶ್ನೆ: ಹಳೆಯ ಕಾರನ್ನು ಕೊಂಡ ನಂತರ ಬ್ರೇಕ್ ಮಾರ್ಪಡಿಸಿರುವುದು ತಿಳಿದುಬಂದರೆ ಏನು ಮಾಡಬೇಕು?
ಉತ್ತರ: ಅಧಿಕೃತ ಸೇವಾ ಕೇಂದ್ರದಲ್ಲಿ ಪರಿಶೀಲಿಸಿ, ಮೂಲ ನಿರ್ದಿಷ್ಟತೆಗೆ ಮರಳಿಸಿಕೊಳ್ಳುವುದು ಸೂಕ್ತ. ಮಾರ್ಪಡಿಸಿದ್ದು ಹಿಂದಿನ ಮಾಲೀಕರೆಂಬ ಕಾರಣಕ್ಕೆ ವಾಹನವು ಸುರಕ್ಷಿತವಾಗುವುದಿಲ್ಲ.

9. ದೇವರಗುಡ್ಡಕ್ಕೆ ಹೊರಡುವ ಮುನ್ನ

ಆಯುಧಪೂಜೆಯ ದಿನಗಳಲ್ಲಿ ವಾಹನವನ್ನು ತೊಳೆದು ಪೂಜಿಸುವ ಪದ್ಧತಿಯು ಎಲ್ಲೆಡೆ ಇದೆ. ಕಾರ್ಣಿಕಕ್ಕೆ ಹೊರಡುವವರು ಅದೇ ಸಮಯದಲ್ಲಿ ಈ ಕೆಳಕಂಡವುಗಳನ್ನೂ ಪರಿಶೀಲಿಸಿಕೊಳ್ಳುವುದು:

1. ಬ್ರೇಕ್ ದ್ರವದ ಮಟ್ಟವು ಕನಿಷ್ಠ ಗೆರೆಗಿಂತ ಮೇಲಿದೆಯೇ? ಚಕ್ರಗಳ ಒಳಬದಿಯಲ್ಲಿ ಸೋರಿಕೆಯ ಗುರುತಿದೆಯೇ?
2. ಎಂಜಿನ್ ಚಾಲನೆಯಲ್ಲಿರುವಾಗ ಪೆಡಲನ್ನು ಅರ್ಧ ನಿಮಿಷ ಒತ್ತಿ ಹಿಡಿದರೆ ಅದು ನಿಧಾನವಾಗಿ ಇಳಿಯುತ್ತದೆಯೇ? ಇಳಿದರೆ ವಾಹನವನ್ನು ಚಲಾಯಿಸಬಾರದು.
3. ವಾಹನವು ಬ್ರೇಕ್ ಒತ್ತಿದಾಗ ಒಂದು ಬದಿಗೆ ಎಳೆಯುತ್ತದೆಯೇ? ಲೋಹ ಉಜ್ಜುವ ಶಬ್ದ ಬರುತ್ತದೆಯೇ?
4. ಇಳಿಜಾರಿನಲ್ಲಿ ಹ್ಯಾಂಡ್ ಬ್ರೇಕ್ ಒಂದೇ ವಾಹನವನ್ನು ಹಿಡಿದು ನಿಲ್ಲಿಸುತ್ತದೆಯೇ?
5. ಎ.ಬಿ.ಎಸ್. ಎಚ್ಚರಿಕೆ ದೀಪವು ಎಂಜಿನ್ ಆರಂಭವಾದ ನಂತರ ಆರುತ್ತದೆಯೇ?
6. ಪಾದದ ಕೆಳಗಿನ ಮ್ಯಾಟ್, ನೀರಿನ ಬಾಟಲಿ ಅಥವಾ ತೆಂಗಿನಕಾಯಿ ಪೆಡಲ್ ಅಡಿಗೆ ಉರುಳದಂತೆ ಇರಿಸಲಾಗಿದೆಯೇ?

ಏರಲು ಬಳಸಿದ ಗೇರಿನಲ್ಲಿಯೇ ಇಳಿಯುವುದು ಉತ್ತಮ ರೂಢಿ. ಕಿರಿದಾದ ಇಳಿಜಾರು ರಸ್ತೆಯಲ್ಲಿ ಇಳಿಯುವ ವಾಹನವು ಬದಿಗೆ ನಿಂತು ಏರುವ ವಾಹನಕ್ಕೆ ದಾರಿ ಬಿಡಬೇಕು. ಸುಟ್ಟ ವಾಸನೆ ಬಂದಲ್ಲಿ ಅಥವಾ ಪೆಡಲ್ ಮೆತ್ತಗಾದಲ್ಲಿ ಕೆಳಗಿನ ಗೇರಿಗೆ ಬಂದು ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ, ಬ್ರೇಕ್‌ಗಳು ತಾವಾಗಿಯೇ ತಣಿಯಲು ಬಿಡಬೇಕು. ಕಾದ ಡಿಸ್ಕ್ ಮೇಲೆ ನೀರು ಸುರಿಯಬಾರದು. ಡಿಸ್ಕ್ ಸೊಟ್ಟಗಾಗುವ ಅಥವಾ ಬಿರಿಯುವ ಸಂಭವವಿದೆ. ತುರ್ತು ನೆರವಿಗೆ 112 ಸಂಖ್ಯೆಗೆ ಕರೆ ಮಾಡಬಹುದು.

ಸೂಚನೆ: ಈ ಪುಟದಲ್ಲಿನ ದೂರ ಮತ್ತು ಶಾಖದ ಅಂಕಿಗಳು ತಿಳಿವಳಿಕೆಗಾಗಿ ಮಾಡಿದ ಅಂದಾಜು ಲೆಕ್ಕಗಳಾಗಿದ್ದು, ವಾಹನದಿಂದ ವಾಹನಕ್ಕೆ ವ್ಯತ್ಯಾಸವಾಗುತ್ತವೆ. ಕಾನೂನಿನ ವಿಷಯದಲ್ಲಿ ಕಾಯ್ದೆ ಮತ್ತು ನಿಯಮಗಳ ಮೂಲ ಪಠ್ಯವೇ ಅಂತಿಮವಾಗಿರುತ್ತದೆ.